ಒಂದು ಹನಿ ಅಂದ್ರೆ ಎಷ್ಟು ಮಿಲಿಗ್ರಾಂ?

ಹಾಸ್ಟೆಲ್‌ನಲ್ಲಿ ಯಾರಾದರೂ "ಹೊಟ್ಟಿ ನೋಯಾಕತ್ತೈತಿ" ಅಂದ್ರೆ ಸಾಕು, ನಾಲ್ಕು ರೂಮಿನಿಂದ ನಾಲ್ಕು ಬಾಟಲಿ ಹೊರಗೆ ಬರ್ತವೆ. ಒಂದು ಊಟಿ ಟ್ರಿಪ್‌ನಿಂದ ತಂದ ನೀಲಗಿರಿ ಎಣ್ಣೆ. ಇನ್ನೊಂದು ಯಾರದೋ ಅವ್ವ ಬುತ್ತಿ ಜೊತೆ ಕಟ್ಟಿ ಕಳಿಸಿದ ಅಮೃತಧಾರೆ. ಮೂರನೆಯದು ಆನ್‌ಲೈನ್‌ನಲ್ಲಿ ತರಿಸಿದ ಪೆಪ್ಪರ್‌ಮಿಂಟ್ ಆಯಿಲ್, ಮೇಲೆ ಬಂಗಾರದ ಬಣ್ಣದಲ್ಲಿ "100% ಪ್ಯೂರ್" ಅಂತ ಬರೆದಿರ್ತದೆ. ನಾಲ್ಕನೆಯದು ಲವಂಗದ ಎಣ್ಣೆ. ಅದು ಹಲ್ಲುನೋವಿಗೆ ತಂದದ್ದು, ಹೊಟ್ಟೆಗೂ ಅದಕ್ಕೂ ಸಂಬಂಧ ಇಲ್ಲ, ಆದರೂ ಬರ್ತದೆ. ಆಮೇಲೆ ಎಷ್ಟು ಹನಿ ಅನ್ನೋದರ ಮೇಲೆ ಚರ್ಚೆ ಶುರು. ಒಬ್ಬ ಎರಡು ಅಂತಾನೆ, ಒಬ್ಬ ಐದು ಅಂತಾನೆ. ಕೊನೆಗೆ ಯಾವನೋ ಸೀನಿಯರ್ ಬಂದು "ನ್ಯಾಚುರಲ್ ಐತಿ ಲೇ, ಏನೂ ಆಗಂಗಿಲ್ಲ, ಹಾಕು" ಅಂತ ತೀರ್ಪು ಕೊಡ್ತಾನೆ.

ಇದೇ ನಾವು ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಬ್ಯುರೆಟ್ ರೀಡಿಂಗ್ 0.1 ಮಿ.ಲೀ. ಹೆಚ್ಚುಕಮ್ಮಿ ಆದ್ರೆ ಟೈಟ್ರೇಶನ್ ಮತ್ತೆ ಮೊದಲಿಂದ ಮಾಡ್ತೀವಿ. ಉತ್ತರದ ಮುಂದೆ ಯೂನಿಟ್ ಬರೆಯದಿದ್ದರೆ ಮಾರ್ಕ್ಸ್ ಹೋಗ್ತದೆ. ಹೊಟ್ಟೆಯೊಳಗೆ ಹೋಗೋ ವಸ್ತುವಿಗೆ ಮಾತ್ರ ನಮ್ಮ ಯೂನಿಟ್ "ಹನಿ". ಆ ಹನಿ ಯಾವ ಡ್ರಾಪರ್‌ನದು, ಅದರಲ್ಲಿ ಏನು ಎಷ್ಟು ಇದೆ ಅಂತ ಯಾರೂ ಕೇಳಲ್ಲ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಔಷಧಿ ಅಂತ ತಯಾರಾಗಿ, ಡೋಸ್ ಬರೆದಿರೋ ಬಾಟಲಿ ಅಲ್ಲದಿದ್ದರೆ ಈ ಎಣ್ಣೆಗಳನ್ನ ಬಾಯಿಗೆ ಹಾಕಬಾರದು. ಒಂದೇ ಹನಿ ಆದರೂ ಅಷ್ಟೇ. ಮತ್ತು ಚಿಕ್ಕ ಮಕ್ಕಳಿರೋ ಮನೆಯಲ್ಲಿ ಇವು ಕೈಗೆಟುಕೋ ಮಾಡದಲ್ಲಿ ಇರಲೇಬಾರದು.

ಮೊದಲು ಹೆಸರಿನ ವಿಷಯ. "ಎಸೆನ್ಷಿಯಲ್ ಆಯಿಲ್" ಅಂದ ಕೂಡಲೇ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮಂಥವರ ತಲೆಗೆ ಬರೋದು ಎಸೆನ್ಷಿಯಲ್ ಅಮೈನೋ ಆಸಿಡ್, ಎಸೆನ್ಷಿಯಲ್ ಫ್ಯಾಟಿ ಆಸಿಡ್. ಅಂದ್ರೆ ದೇಹಕ್ಕೆ ಬೇಕೇ ಬೇಕಾದದ್ದು. ಇಲ್ಲಿ ಆ ಅರ್ಥವೇ ಅಲ್ಲ. ಎಸೆನ್ಸ್‌ನಿಂದ ಬಂದದ್ದು ಎಸೆನ್ಷಿಯಲ್, ಗಿಡದ ವಾಸನೆಯ ಸಾರ ಅಂತ. ಕನ್ನಡದ "ಸುಗಂಧ ತೈಲ" ಇದಕ್ಕಿಂತ ಪ್ರಾಮಾಣಿಕವಾದ ಪದ. ಇನ್ನು "ಎಣ್ಣೆ" ಅನ್ನೋದೂ ಮೋಸವೇ. ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ಕೊಬ್ಬು. ನೀಲಗಿರಿ ಎಣ್ಣೆ ಕೊಬ್ಬಲ್ಲ, ಅದು ಬೇಗ ಆವಿಯಾಗೋ ರಾಸಾಯನಿಕಗಳ ಮಿಶ್ರಣ, ಹತ್ತಿರದ ನೆಂಟ ಅಂದ್ರೆ ಟರ್ಪೆಂಟೈನ್. ನಂಬಿಕೆ ಬರದಿದ್ದರೆ ಕಿತ್ತಳೆ ಸಿಪ್ಪೆಯನ್ನ ಊದಿದ ಬಲೂನಿನ ಮೇಲೆ ಹಿಂಡಿ ನೋಡಿ, ಪಟ್ ಅಂತ ಒಡೀತದೆ. ಮಾಡೆಲ್ ಮಾಡಿ ಉಳಿದ ಥರ್ಮಕೋಲ್ ತುಂಡಿನ ಮೇಲೆ ಆ ಸಿಪ್ಪೆಯ ಎಣ್ಣೆ ಹಾಕಿದರೆ ಅದು ಕರಗಿ ಗುಳಿ ಬೀಳ್ತದೆ. ಅದೇ ಜಾತಿಯ ದ್ರಾವಕವನ್ನ ಒಂದು ಲೋಟ ನೀರಿಗೆ ಹಾಕಿ ಕುಡಿದರೆ "ಡೈಲ್ಯೂಟ್" ಆಯ್ತು ಅಂತ ನಾವು ಅಂದುಕೊಳ್ತೀವಿ. ಆಗೋದಿಲ್ಲ. ನೀರಿಗೂ ಅದಕ್ಕೂ ಕೂಡಿ ಬರಲ್ಲ, ಮೇಲೆ ತೇಲ್ತಿರ್ತದೆ. ಮೊದಲ ಗುಟುಕಿನಲ್ಲೇ ಅಪ್ಪಟ ಎಣ್ಣೆ ನಾಲಿಗೆಗೆ, ಗಂಟಲಿಗೆ ತಾಗ್ತದೆ.

"ನಮ್ಮ ಆಯಿ ಕೊಡ್ತಿದ್ಲು, ನಾವು ಬದುಕಿಲ್ಲೇನು?" ಅನ್ನೋದು ಎಲ್ಲರೂ ಹೇಳೋ ಮಾತು. ಈ ಮಾತಿಗೆ ಸಿಟ್ಟಿಗೇಳೋದು ಬೇಡ, ಲೆಕ್ಕ ಮಾಡೋಣ. ಆಯಿ ಕೊಡ್ತಿದ್ದದ್ದು ಅಜವಾನದ ಕಾಳು (ಬೆಂಗಳೂರು ಕಡೆಯವರು ಓಂಕಾಳು ಅಂತಾರೆ). ಒಂದು ಚಿಟಿಕೆ, ಉಪ್ಪಿನ ಹರಳಿನ ಜೊತೆ ಅಗಿದು ನುಂಗೋದು. ಚಿಟಿಕೆ 1 ಗ್ರಾಂ ಅಂತ ಇಟ್ಕೊಳ್ಳಿ. ಅಜವಾನದಲ್ಲಿ ಸುಗಂಧ ತೈಲ ಸುಮಾರು 3% ಅಂತ ಹಿಡಿದರೆ ಆ ಚಿಟಿಕೆಯಲ್ಲಿ ಸಿಗೋದು 30 ಮಿಲಿಗ್ರಾಂ. ಈಗ ಬಾಟಲಿಯ ಎಣ್ಣೆ ಒಂದು ಚಹಾ ಚಮಚ, 5 ಮಿ.ಲೀ., ಅಂದಾಜು 4.5 ಗ್ರಾಂ. ಅಷ್ಟು ಎಣ್ಣೆ ಬರಬೇಕಾದರೆ 150 ಗ್ರಾಂ ಅಜವಾನ ಬೇಕು. ಯಾವ ಆಯಿಯೂ ಮೊಮ್ಮಗನಿಗೆ ಒಂದೇ ಸಲಕ್ಕೆ 150 ಚಿಟಿಕೆ ಅಜವಾನ ತಿನ್ನಿಸಿಲ್ಲ, ತಿನ್ನಿಸೋಕೆ ಹೋದರೂ ನಾಲ್ಕನೇ ಚಿಟಿಕೆಗೆ ಅವನು ಓಡಿ ಹೋಗ್ತಾನೆ. ಕಾಳಿನ ಖಾರ, ನಾರು, ಗಾತ್ರ ಎಲ್ಲ ಸೇರಿ ತಾನೇ ಒಂದು ಲಗಾಮು ಹಾಕಿರ್ತದೆ. ಭಟ್ಟಿ ಇಳಿಸಿದಾಗ ನಾವು ಮೊದಲು ತೆಗೆದುಹಾಕೋದು ಆ ಲಗಾಮನ್ನೇ. ಹಾಗಾಗಿ ಆಯಿಯ ಅನುಭವ ಕಾಳಿಗೆ ಸಾಕ್ಷಿ, ಬಾಟಲಿಗೆ ಅಲ್ಲ. (ಆಯಿ ಮಾಡಿದ್ದೆಲ್ಲ ಸರಿ ಅಂತಲೂ ನಾನು ಹೇಳ್ತಿಲ್ಲ. ಕೂಸುಗಳಿಗೆ ತೇದು ನೆಕ್ಕಿಸೋ ಬಜೆ ಬೇರನ್ನ, ಅದರ ಎಣ್ಣೆಯನ್ನ ಅಮೆರಿಕ 1968ರಲ್ಲೇ ಆಹಾರದಲ್ಲಿ ಬಳಸಬಾರದು ಅಂತ ನಿಷೇಧಿಸಿತು. ಅದು ಬೇರೆ ಲೇಖನದ ವಿಷಯ.)

ಅಮೃತಧಾರೆಯದು ಮಾತ್ರ ನಮ್ಮ ಸಿಲೆಬಸ್ಸಿನಲ್ಲಿರೋ ವಿಷಯ, ಸ್ವಲ್ಪ ನಿಂತು ನೋಡಬೇಕು. ಕರ್ಪೂರ, ಪುದೀನ ಹೂ ಅಂದ್ರೆ ಮೆಂಥಾಲ್, ಅಜವಾನದ ಹೂ ಅಂದ್ರೆ ಥೈಮಾಲ್. ಮೂರೂ ಹರಳು, ಮೂರೂ ಗಟ್ಟಿ. ಸಮಪ್ರಮಾಣದಲ್ಲಿ ಒಂದು ಶೀಶೆಗೆ ಹಾಕಿ ಬಿರಡೆ ಮುಚ್ಚಿ ಅಲ್ಲಾಡಿಸಿ ಇಟ್ಟರೆ, ಒಂದು ಹನಿ ನೀರು ಹಾಕದೆ, ಬೆಂಕಿ ತೋರಿಸದೆ, ತಾವೇ ಕರಗಿ ದ್ರವ ಆಗ್ತವೆ. ಮೆಟೀರಿಯಲ್ ಸೈನ್ಸ್‌ನಲ್ಲಿ ಓದಿದ ಯೂಟೆಕ್ಟಿಕ್ ನೆನಪಿದೆಯಾ? ಬೇರೆ ಬೇರೆ ಇದ್ದಾಗ ಇರೋ ಕರಗುವ ಬಿಂದು, ಬೆರೆತಾಗ ಕೆಳಗೆ ಇಳೀತದೆ. ಸೀಸ-ತವರದ ಸೋಲ್ಡರ್‌ಗೆ ನಾವು ಬರೆಯೋ ಗ್ರಾಫ್, ಅಡುಗೆಮನೆ ಮಾಡದ ಮೇಲೆ ಎಷ್ಟೋ ವರ್ಷದಿಂದ ಕೂತಿದೆ. ಲಾಹೋರಿನಲ್ಲಿ ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಈ ಹೆಸರಿನ ಔಷಧಿ ಎಷ್ಟು ಜನಪ್ರಿಯ ಆಯಿತು ಅಂದ್ರೆ "ಲಕ್ಷ್ಮಣಧಾರಾ" ಅಂತ ಇನ್ನೊಬ್ಬರು ಹೆಸರಿಟ್ಟುಕೊಂಡಾಗ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ 1962ರಲ್ಲಿ ತೀರ್ಪಾಯಿತು. ಈಗ ಅದೇ ಹೆಸರಿನಲ್ಲಿ ಕಂಪನಿಯದೂ ಸಿಗ್ತದೆ, ಮನೆಯಲ್ಲಿ ಮಾಡಿದ್ದೂ ಇರ್ತದೆ.

ಲೆಕ್ಕ ಹಾಕಿ. ಈ ದ್ರವದ ಮೂರನೇ ಒಂದು ಭಾಗ ಕರ್ಪೂರ. ಮಿಲಿಲೀಟರಿಗೆ 20 ಹನಿ ಅಂದ್ರೆ ಒಂದು ಹನಿಯಲ್ಲಿ ಅಂದಾಜು 15 ಮಿಲಿಗ್ರಾಂ ಕರ್ಪೂರ. ದೊಡ್ಡವರು ಮೂರು ಹನಿ ಸಕ್ಕರೆಗೆ ಹಾಕಿ ತಿಂದರೆ 45 ಮಿಲಿಗ್ರಾಂ. 60 ಕಿಲೋ ತೂಕದವನಿಗೆ ಅದು ಕಿಲೋಗೆ 1 ಮಿಲಿಗ್ರಾಂಗಿಂತ ಕಡಿಮೆ. ಆದ್ದರಿಂದಲೇ ಏನೂ ಆಗದೆ ಇರೋದು, "ನ್ಯಾಚುರಲ್" ಅಂತ ಅಲ್ಲ. ಈಗ ಅದೇ ಶೀಶೆ 12 ಕಿಲೋ ತೂಕದ, ಎರಡು ವರ್ಷದ ಕೂಸಿನ ಕೈಗೆ ಸಿಕ್ಕಿತು ಅನ್ನಿ. ಅಮೆರಿಕದ ವಿಷ ಮಾಹಿತಿ ಕೇಂದ್ರಗಳ ಮಾರ್ಗಸೂಚಿಯ ಪ್ರಕಾರ ಕಿಲೋಗೆ 30 ಮಿಲಿಗ್ರಾಂಗಿಂತ ಹೆಚ್ಚು ಕರ್ಪೂರ ಹೊಟ್ಟೆಗೆ ಹೋಗಿದ್ದರೆ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಆ ಕೂಸಿಗೆ ಅದು 360 ಮಿಲಿಗ್ರಾಂ, ಅಂದ್ರೆ ಈ ದ್ರವದ 1 ಮಿ.ಲೀ.ಗಿಂತ ಸ್ವಲ್ಪ ಜಾಸ್ತಿ. ಒಂದು ಗುಟುಕೂ ಅಲ್ಲ. ಒಂದು ಚಮಚ ಹೋದರೆ ಒಂದೂವರೆ ಗ್ರಾಂ. ಒಂದು ಗ್ರಾಂ ಕರ್ಪೂರದಿಂದ ಚಿಕ್ಕ ಮಕ್ಕಳು ಸತ್ತ ದಾಖಲೆ ವೈದ್ಯಕೀಯ ಪುಸ್ತಕಗಳಲ್ಲಿದೆ.

"ಚಮಚದಲ್ಲಿ ಯಾರ್ರೀ ಕುಡಿಸ್ತಾರ?" ಅಂತ ಕೇಳಬಹುದು. ಬೇಕಂತ ಯಾರೂ ಕುಡಿಸಲ್ಲ. ಕೆಮ್ಮಿನ ಸಿರಪ್ ಅಂತ ತಿಳಿದು, ರಾತ್ರಿ ಕರೆಂಟ್ ಹೋದಾಗ, ಪಕ್ಕದ ಬಾಟಲಿ ಎತ್ತಿಕೊಳ್ತಾರೆ. ಅಮೆರಿಕದಲ್ಲಿ ಕರ್ಪೂರದೆಣ್ಣೆಯನ್ನ ಹರಳೆಣ್ಣೆ ಅಂತ ತಿಳಿದು ಕುಡಿಸಿದ ಪ್ರಕರಣಗಳು ಎಷ್ಟೋ ಆದ ಮೇಲೆ 1980ರ ದಶಕದ ಶುರುವಿನಲ್ಲಿ ಅದರ ಮಾರಾಟವನ್ನೇ ನಿಲ್ಲಿಸಿದರು, ಮೈಗೆ ಹಚ್ಚೋ ಔಷಧಿಗಳಲ್ಲೂ ಕರ್ಪೂರ 11% ದಾಟಬಾರದು ಅಂದರು. ಅಂದ ಹಾಗೆ ಹನಿ ಅನ್ನೋದೂ ಸ್ಥಿರ ಅಲ್ಲ. ಡ್ರಾಪರ್ ತುದಿಯ ಅಗಲ, ದ್ರವದ ಸರ್ಫೇಸ್ ಟೆನ್ಶನ್, ಬಾಟಲಿ ಎಷ್ಟು ಓರೆ ಹಿಡಿದಿದ್ದೀರಿ, ಎಲ್ಲದರ ಮೇಲೂ ಹೋಗ್ತದೆ. ಕೆಲವು ಬಾಟಲಿಗೆ ಡ್ರಾಪರೇ ಇಲ್ಲ, ಬಾಯಿಂದ ನೇರ ಸುರಿಯೋದು.

ಇದೆಲ್ಲ ಅಮೆರಿಕದ ಕಥೆ, ನಮ್ಮ ಕಡೆ ಹಾಗೆಲ್ಲ ಆಗಲ್ಲ ಅನ್ನೋರಿಗೆ ಬೆಂಗಳೂರಿನ ಉದಾಹರಣೆ ಇದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞ ಡಾ. ಥಾಮಸ್ ಮ್ಯಾಥ್ಯೂ ಮತ್ತು ಅವರ ಸಂಗಡಿಗರು 2017ರಲ್ಲಿ ಒಂದು ವರದಿ ಪ್ರಕಟಿಸಿದರು. ನೀಲಗಿರಿ ಎಣ್ಣೆಯ ಆವಿ ತಗೊಂಡ ಮೇಲೆ ಫಿಟ್ಸ್ ಬಂದ ಹತ್ತು ಜನರ ಬಗ್ಗೆ. ಕುಡಿದವರಲ್ಲ, ಬರೀ ಮೂಸಿದವರು. ಆಮೇಲೆ ದಕ್ಷಿಣ ಭಾರತದ ನಾಲ್ಕು ಆಸ್ಪತ್ರೆಗಳಲ್ಲಿ ನಾಲ್ಕು ವರ್ಷ, ಫಿಟ್ಸ್ ಅಂತ ಬಂದ ರೋಗಿಗಳಿಗೆ "ಯಾವ ಎಣ್ಣೆ, ಬಾಮ್ ಬಳಸಿದಿರಿ?" ಅಂತ ತಪ್ಪದೆ ಕೇಳಿದರು. 55 ಜನ ಸಿಕ್ಕರು. ಕುಡಿದವರು, ಮೂಸಿದವರು, ಹಚ್ಚಿಕೊಂಡವರು ಎಲ್ಲ ಇದ್ದರು. ಕಾರಣವಾದದ್ದು ನೀಲಗಿರಿ ಮತ್ತು ಕರ್ಪೂರ ಇರೋ ತಯಾರಿಕೆಗಳು. ಇವರಲ್ಲಿ 33 ಜನಕ್ಕೆ ಮೊದಲೇ ಮೂರ್ಛೆರೋಗ ಇತ್ತು, ಎಣ್ಣೆ ಅದನ್ನ ಕೆಣಕಿತು. ಉಳಿದ 22 ಜನಕ್ಕೆ ಹಿಂದೆ ಆ ಕಾಯಿಲೆಯೇ ಇರಲಿಲ್ಲ. 2021ರಲ್ಲಿ ಈ ಅಧ್ಯಯನ ಪ್ರಕಟವಾಯಿತು.

ಆ 33 ಅನ್ನೋ ಸಂಖ್ಯೆ ನನ್ನನ್ನ ಬಿಡ್ತಿಲ್ಲ. ನಮ್ಮಲ್ಲಿ ಫಿಟ್ಸ್ ಇರೋರು ಅದನ್ನ ಯಾರಿಗೂ ಹೇಳಲ್ಲ. ಮನೆಯವರೇ ಹೇಳಬೇಡ ಅಂದಿರ್ತಾರೆ, ಮದುವೆ, ನೌಕರಿ ಎಲ್ಲ ಯೋಚನೆ ಮಾಡಿ. ಮಾತ್ರೆಯನ್ನ ವಿಟಮಿನ್ ಅಂತ ಹೇಳಿ ನುಂಗ್ತಾರೆ. ಅಂಥ ಒಬ್ಬನಿಗೆ ನೆಗಡಿ ಆದಾಗ ರೂಮ್‌ಮೇಟ್ ಪ್ರೀತಿಯಿಂದ "ಎರಡ್ ಹನಿ ತಗೋ ದೋಸ್ತ, ಎದಿ ಹಗುರ ಆಕ್ಕೈತಿ" ಅಂತ ಒತ್ತಾಯ ಮಾಡ್ತಾನೆ. ಅವನು ಬೇಡ ಅನ್ನೋಕೆ ಕಾರಣ ಹೇಳಂಗಿಲ್ಲ. ಒತ್ತಾಯ ಮಾಡೋನಿಗೆ ಗೊತ್ತೇ ಇಲ್ಲ. ಯಾರನ್ನ ತಪ್ಪು ಅನ್ನೋದು? ಒತ್ತಾಯ ಮಾಡೋ ಚಟವನ್ನಾದರೂ ಬಿಡಬಹುದು.

ನೀಲಗಿರಿ ಎಣ್ಣೆ ಕುಡಿದರೆ ಏನಾಗ್ತದೆ ಅನ್ನೋದಕ್ಕೆ ಒಂದೇ ಉತ್ತರ ಇಲ್ಲ. ದೊಡ್ಡವರು 4-5 ಮಿ.ಲೀ. ಕುಡಿದು ಸತ್ತ ದಾಖಲೆಗಳಿವೆ, ಅದಕ್ಕಿಂತ ಎಷ್ಟೋ ಜಾಸ್ತಿ ಕುಡಿದು ಬದುಕಿದವರೂ ಇದ್ದಾರೆ. ಆ ಅನಿಶ್ಚಿತತೆಯೇ ಅಪಾಯ. ಊಟಿಯ ಅಂಗಡಿಗಳಲ್ಲಿ ಅದರ ಪಕ್ಕದಲ್ಲೇ ಸಿಗೋ ವಿಂಟರ್‌ಗ್ರೀನ್ ಎಣ್ಣೆ ಇನ್ನೂ ಕಠೋರ. ಕಾಲುನೋವಿಗೆ ಹಚ್ಚೋದು, ಕಬಡ್ಡಿ ಟೀಮಿನವರ ಕಿಟ್‌ನಲ್ಲಿ ಆ ವಾಸನೆ ಪರಿಚಿತ. ಅದು ಹತ್ತಿರಹತ್ತಿರ ಅಪ್ಪಟ ಮಿಥೈಲ್ ಸ್ಯಾಲಿಸಿಲೇಟ್. 5 ಮಿ.ಲೀ. ಅಂದ್ರೆ ಸುಮಾರು 5.8 ಗ್ರಾಂ, ಮೋಲಾರ್ ಮಾಸ್ 152ರಿಂದ 180ಕ್ಕೆ ಬದಲಿಸಿದರೆ ಸುಮಾರು 7 ಗ್ರಾಂ ಆಸ್ಪಿರಿನ್‌ಗೆ ಸಮ. 325 ಮಿಲಿಗ್ರಾಂ ಮಾತ್ರೆ ಲೆಕ್ಕದಲ್ಲಿ ಇಪ್ಪತ್ತೊಂದು ಮಾತ್ರೆ. ಒಂದು ಚಮಚದಲ್ಲಿ. ಲವಂಗದೆಣ್ಣೆಗೂ ಇದೇ ಕಥೆ. ಹತ್ತಿಗೆ ಅದ್ದಿ ಹಲ್ಲಿಗೆ ಇಡೋದು ಬೇರೆ. 1993ರಲ್ಲಿ ಬ್ರಿಟನ್ನಿನ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾದ ಎರಡು ವರ್ಷದ ಹುಡುಗ ಅದನ್ನ 5ರಿಂದ 10 ಮಿ.ಲೀ. ಕುಡಿದು, ಕೋಮಾಗೆ ಹೋಗಿ, ಲಿವರ್ ಕೆಟ್ಟು, ಸಾವಿನ ಬಾಯಿಂದ ವಾಪಸ್ ಬಂದ.

ಹಾಗಂತ ಈ ಎಣ್ಣೆಗಳಿಗೆ ಔಷಧಿಯಲ್ಲಿ ಜಾಗವೇ ಇಲ್ಲ ಅಂದ್ರೆ ಅದೂ ಸುಳ್ಳು. ಪೆಪ್ಪರ್‌ಮಿಂಟ್ ಎಣ್ಣೆಯ ಕ್ಯಾಪ್ಸೂಲ್‌ಗಳನ್ನ ಕರುಳಿನ ಸೆಳೆತಕ್ಕೆ ಡಾಕ್ಟರುಗಳೇ ಬರೆದುಕೊಡ್ತಾರೆ. ಒಂದು ಕ್ಯಾಪ್ಸೂಲ್‌ನಲ್ಲಿ 0.2 ಮಿ.ಲೀ., ಹೊಟ್ಟೆಯಲ್ಲಿ ಕರಗದೆ ಕರುಳಿಗೆ ಹೋಗಿ ಕರಗೋ ಕವಚ. ನಮ್ಮದೇ ರಾಜ್ಯದ ಹೆಮ್ಮೆಯ ಕಥೆಯೂ ಇದೆ. ಮೊದಲ ಮಹಾಯುದ್ಧ ಶುರುವಾಗಿ ಜರ್ಮನಿಗೆ ಹೋಗ್ತಿದ್ದ ಮೈಸೂರಿನ ಗಂಧದ ಕೊರಡು ನಿಂತಾಗ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಅವರ ಕೆಲಸದ ಮೇಲೆ 1916ರಲ್ಲಿ ಬೆಂಗಳೂರಿನಲ್ಲಿ, ಆಮೇಲೆ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಆಯಿತು. ಸೋಪು ಮತ್ತು ಅತ್ತರಿಗೆ ಮಾತ್ರ ಅಲ್ಲ, ಆ ಕಾಲದಲ್ಲಿ ಗಂಧದೆಣ್ಣೆಯನ್ನ ಗೊನೋರಿಯಾ ರೋಗಕ್ಕೆ ಕ್ಯಾಪ್ಸೂಲ್‌ನಲ್ಲಿ ನುಂಗಿಸ್ತಿದ್ದರು. ಪೆನ್ಸಿಲಿನ್ ಬಂತು, ಅದು ಹೋಯಿತು. ನೋಡಿ, ಔಷಧಿಯಾಗಿ ಕೊಟ್ಟಾಗ ಅದಕ್ಕೊಂದು ಅಳತೆ ಇತ್ತು, ಒಂದು ರೋಗ ಇತ್ತು, ಉತ್ತಮವಾದದ್ದು ಬಂದಾಗ ಬಿಡೋ ಪದ್ಧತಿಯೂ ಇತ್ತು.

ಇಂದಿನ ಮಾರಾಟದಲ್ಲಿ ಈ ಮೂರೂ ಇಲ್ಲ. ಜಾತ್ರೆಯ ಸ್ಟಾಲ್‌ನಿಂದ ಹಿಡಿದು ಕಾರಿನಲ್ಲಿ ಬಂದು ಮನೆಯ ಪಡಸಾಲೆಯಲ್ಲಿ ಪ್ರೊಜೆಕ್ಟರ್ ಹಾಕಿ "ಬಿಸಿನೆಸ್ ಪ್ಲಾನ್" ತೋರಿಸೋರ ತನಕ ಎಲ್ಲರದೂ ಒಂದೇ ಮಾತು: ಇದು ಫುಡ್ ಗ್ರೇಡ್, ಕುಡಿಯಬಹುದು. ಫುಡ್ ಗ್ರೇಡ್ ಅಂದ್ರೆ ಚಾಕಲೇಟಿಗೋ ಚ್ಯೂಯಿಂಗ್ ಗಮ್ಮಿಗೋ ವಾಸನೆ ಕೊಡೋಕೆ ಪಿಪಿಎಂ ಲೆಕ್ಕದಲ್ಲಿ ಹಾಕಬಹುದು ಅಂತ. ಉಪ್ಪೂ ಫುಡ್ ಗ್ರೇಡೇ, ಬಟ್ಟಲುಗಟ್ಟಲೆ ತಿಂತೀವಾ? ಈ ವ್ಯಾಪಾರದ ದೊಡ್ಡ ಹೆಸರುಗಳಾದ ಯಂಗ್ ಲಿವಿಂಗ್, ಡೋಟೆರಾ ಕಂಪನಿಗಳಿಗೆ 2014ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಪತ್ರ ಕಳಿಸಬೇಕಾಯಿತು. ಅವರ ಮಾರಾಟಗಾರರು ಈ ಎಣ್ಣೆ ಎಬೋಲಾ ರೋಗಕ್ಕೂ ಆಗ್ತದೆ ಅಂತ ಪ್ರಚಾರ ಮಾಡ್ತಿದ್ದರು. ಹುಕ್ಕೇರಿಯ ಹಳ್ಳಿಗೆ ಅದೇ ಧಾಟಿಯ ಮಾತು ಬಂದು ಮುಟ್ಟೋವಾಗ ಎಬೋಲಾ ಹೋಗಿ ಸಕ್ಕರೆ ಕಾಯಿಲೆ, ಮೊಣಕಾಲು ನೋವು ಆಗಿರ್ತದೆ. ಬಾಟಲಿಯ ಮೇಲೆ "ಹೊರಗೆ ಮಾತ್ರ ಬಳಸಿ" ಅಂತ ಇರೋದು ಇರುವೆ ಗಾತ್ರದ ಇಂಗ್ಲಿಷಿನಲ್ಲಿ. ಅದನ್ನ ಓದಬೇಕಾದ ಅಜ್ಜನಿಗೆ ಇಂಗ್ಲಿಷೂ ಬರಲ್ಲ, ಆ ಅಕ್ಷರ ಕಾಣೋದೂ ಇಲ್ಲ. ಕರ್ನಾಟಕದಲ್ಲಿ ಮಾರೋ ಪ್ರತಿ ಬಾಟಲಿಯ ಮೇಲೆ ಅದು ದಪ್ಪ ಕನ್ನಡ ಅಕ್ಷರದಲ್ಲಿ ಇರಬೇಕು ಅಂತ ಕೇಳೋದು ಕನ್ನಡ ಸಂಘದ ಕೆಲಸವೇ ಅಂತ ನನಗನಿಸ್ತದೆ. ನವೆಂಬರಿನ ಆರ್ಕೆಸ್ಟ್ರಾಗಿಂತ ಉಪಯೋಗದ ಕೆಲಸ.

ಹುಕ್ಕೇರಿಯಂಥ ಊರಿಗೆ ಈ ವಿಷಯ ಬೆಂಗಳೂರಿಗಿಂತ ಗಂಭೀರ ಆಗೋಕೆ ಕಾರಣ ದಾರಿ. ಕರ್ಪೂರ ಹೊಟ್ಟೆಗೆ ಹೋದರೆ ಐದು-ಹತ್ತು ನಿಮಿಷದಲ್ಲೇ ಫಿಟ್ಸ್ ಬರಬಹುದು, ಹೆಚ್ಚಿನವರಿಗೆ ಒಂದೂವರೆ ಗಂಟೆಯೊಳಗೆ ಲಕ್ಷಣ ಕಾಣ್ತದೆ. ವೆಂಟಿಲೇಟರ್, ಮಕ್ಕಳ ಐಸಿಯು ಎಲ್ಲ ಇರೋ ದೊಡ್ಡ ಆಸ್ಪತ್ರೆ ಬೆಳಗಾವಿಯಲ್ಲಿ, ಸುಮಾರು 50 ಕಿ.ಮೀ. ತೋಟದ ಮನೆಯಿಂದ ಟಾರ್ ರೋಡಿಗೆ ಬರೋಕೇ ಎಷ್ಟೋ ಹೊತ್ತು, ಕಬ್ಬಿನ ಸೀಸನ್ ಆದ್ರೆ ಮುಂದೆ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್. ಅಂಥ ಹೊತ್ತಿನಲ್ಲಿ ಮನೆಯಲ್ಲೇ ಒಂದು ತಪ್ಪು ಚಿಕಿತ್ಸೆ ಶುರುವಾಗ್ತದೆ: ವಾಂತಿ ಮಾಡಿಸೋದು. ಉಪ್ಪುನೀರು ಕುಡಿಸ್ತಾರೆ, ಗಂಟಲಿಗೆ ಬೆರಳು ಹಾಕ್ತಾರೆ. ಈ ಎಣ್ಣೆಗಳ ವಿಷಯದಲ್ಲಿ ಅದನ್ನ ಮಾಡಲೇಬಾರದು. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಕಾರಣ ಸುಲಭ. ವಿಸ್ಕಾಸಿಟಿ ಕಡಿಮೆ, ಸರ್ಫೇಸ್ ಟೆನ್ಶನ್ ಕಡಿಮೆ, ಹಾಗಾಗಿ ಮೇಲೆ ಬರುವಾಗ ಸ್ವಲ್ಪವೇ ಶ್ವಾಸನಾಳಕ್ಕೆ ಜಾರಿದರೂ ಪುಪ್ಪುಸದಲ್ಲಿ ತೆಳ್ಳಗೆ ಹರಡಿಬಿಡ್ತದೆ, ಅಲ್ಲಿ ಉರಿಯೂತ ಮಾಡ್ತದೆ. ವಾಂತಿ ಮಾಡಿಸುವಾಗಲೇ ಫಿಟ್ಸ್ ಬಂದರೆ ಇನ್ನೂ ಕಷ್ಟ. ಹಾಲು, ತುಪ್ಪ ಕುಡಿಸೋದರಿಂದಲೂ ವಿಷ ಇಳಿಯಲ್ಲ. ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ. ಕೈಗೆ ಕಬ್ಬಿಣದ ಕೀಲಿ ಕೊಡೋದು, ಉಳ್ಳಾಗಡ್ಡಿ ಮೂಸಿಸೋದು ಇವೆಲ್ಲ ಹೊತ್ತು ಕಳೆಯೋ ಕೆಲಸ. 108ಕ್ಕೆ ಫೋನ್ ಮಾಡಿ, ಮತ್ತು ಆ ಬಾಟಲಿಯನ್ನ ಮರೆಯದೆ ಜೊತೆಗೆ ಒಯ್ಯಿರಿ. ಏನು ಕುಡಿದದ್ದು ಅಂತ ಡಾಕ್ಟರಿಗೆ ಗೊತ್ತಾದರೆ ಅರ್ಧ ಕೆಲಸ ಮುಗಿದಂಗೆ.

ಇನ್ನೊಂದು ನಂಬರ್ ಇದೆ, 1800 116 117. ದೆಹಲಿಯ ಏಮ್ಸ್ ಆಸ್ಪತ್ರೆಯ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ್ದು, ಟೋಲ್ ಫ್ರೀ. ಏನು, ಎಷ್ಟು, ಯಾವಾಗ ಹೊಟ್ಟೆಗೆ ಹೋಯಿತು, ತೂಕ ಎಷ್ಟು ಅಂತ ಹೇಳಿದರೆ ಮುಂದೇನು ಮಾಡಬೇಕು ಅಂತ ಹೇಳ್ತಾರೆ. ತಾಲ್ಲೂಕು ಆಸ್ಪತ್ರೆಯ ಡಾಕ್ಟರೂ ಅದಕ್ಕೆ ಫೋನ್ ಮಾಡಿ ಕೇಳಬಹುದು. ನಾನು ಕ್ಲಾಸಿನಲ್ಲಿ ಕೇಳಿದೆ, ಯಾರಿಗೂ ಈ ನಂಬರ್ ಗೊತ್ತಿರಲಿಲ್ಲ. ಪಿಜ್ಜಾ ಅಂಗಡಿಯ ನಂಬರ್ ಆರು ಜನಕ್ಕೆ ಬಾಯಿಪಾಠ.

ವಾರ್ಡನ್ ಸರ್ ಇದನ್ನ ಓದ್ತಾರೆ ಅಂತ ಗೊತ್ತು, ಅದಕ್ಕೇ ಇಲ್ಲೇ ಕೇಳ್ತೀನಿ. ಎರಡೂ ಹಾಸ್ಟೆಲ್‌ಗಳ ಪ್ರತಿ ಮಹಡಿಯಲ್ಲಿ ಈ ಎರಡು ನಂಬರ್ ಬರೆದು ಅಂಟಿಸೋಕೆ ಪರ್ಮಿಶನ್ ಬೇಕು, ಪ್ರಿಂಟ್ ಖರ್ಚು ಕನ್ನಡ ಸಂಘದ್ದು. ಫಸ್ಟ್ ಏಡ್ ಡಬ್ಬಿಯಲ್ಲಿ ಓಆರ್‌ಎಸ್ ಪಾಕೀಟು, ಅಸಿಡಿಟಿ ಮಾತ್ರೆ ತುಂಬಿಸಿ ಇಟ್ಟರೆ ರಾತ್ರಿ ಹನ್ನೊಂದಕ್ಕೆ ಹೊಟ್ಟೆ ನೋವು ಬಂದವನು ಬಾಟಲಿ ಹುಡುಕ್ಕೊಂಡು ರೂಮ್ ರೂಮ್ ತಿರುಗೋದು ತಪ್ತದೆ. ಮುಂದಿನ ರಜೆಗೆ ಊರಿಗೆ ಹೋದಾಗ ಮಾಡದ ಮೇಲಿನ ಶೀಶೆಗಳನ್ನ ಒಮ್ಮೆ ಇಳಿಸಿ ನೋಡಿ. ಲೇಬಲ್ ಇಲ್ಲದ್ದಕ್ಕೆ ಮಾರ್ಕರಿನಲ್ಲಿ ದಪ್ಪಗೆ "ಕುಡಿಯಬ್ಯಾಡ್ರಿ" ಅಂತ ಬರೆದು, ತಮ್ಮ-ತಂಗಿಯರ ಕೈಗೆ ಸಿಗದ ಕಡೆ ಕೀಲಿ ಹಾಕಿ ಇಡಿ. ನಮ್ಮ ಬ್ಲಾಕಿನ ನೋಟೀಸ್ ಬೋರ್ಡಿನಲ್ಲಿ ಮೆಸ್ ಮೆನುವಿನ ಎಡಕ್ಕೆ ಒಂದು ಎ-4 ಹಾಳೆಯಷ್ಟು ಜಾಗ ಖಾಲಿ ಇದೆ, ನಾನು ನೋಡಿ ಬಂದಿದ್ದೀನಿ.